ಕಟ್ಟಿಸಿದವರ ಹೆಸರಿದೆ, ರಿಪೇರಿ ಮಾಡಿಸುವವರ ಹೆಸರಿಲ್ಲ

ಓದುಗರೇ, ನೀವು ಕಲಿತ ಶಾಲೆಯ ಗೋಡೆಯಲ್ಲಿ ಒಂದು ಕಲ್ಲು ಇತ್ತು, ನೆನಪಿದೆಯಾ? ಇಂಥಾ ತಾರೀಕಿನಂದು ಇಂಥವರು ಶಂಕುಸ್ಥಾಪನೆ ಮಾಡಿದರು, ಇಂಥವರು ಉದ್ಘಾಟಿಸಿದರು ಅಂತ ಕೆತ್ತಿದ ಕಲ್ಲು. ಸರಕಾರಿ ಶಾಲೆ ಎಲ್ಲೇ ಇರಲಿ, ಹೆಚ್ಚಿನ ಕಡೆ ಆ ಕಲ್ಲು ಇದ್ದೇ ಇರುತ್ತದೆ. ಆದರೆ ಮಾಡು ಸೋರಿದರೆ ಯಾರನ್ನು ಕೇಳಬೇಕು, ಶೌಚಾಲಯದ ಬಾಗಿಲು ಮುರಿದರೆ ಯಾರು ಹಾಕಿಸಬೇಕು ಅಂತ ಬರೆದ ಕಲ್ಲನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಸಾರ್ವಜನಿಕ ಶಾಲಾ ಕಟ್ಟಡಗಳು ಯಾಕೆ ಹಾಳಾಗುತ್ತವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಉಳಿದ ಅರ್ಧಕ್ಕೆ ಸ್ವಲ್ಪ ಇತಿಹಾಸ ನೋಡಬೇಕು.

ಆ ಇತಿಹಾಸವನ್ನು ಈ ಸಲ ನಮ್ಮೂರಿನಿಂದಲ್ಲ, ಬಾಂಬೆಯ ಪಕ್ಕದ ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬೈಗಳಿಂದ ಹೇಳುತ್ತೇನೆ. ಕರಾವಳಿಯ ಮನೆಗಳಲ್ಲಿ ಬಾಂಬೆಗೆ ಹೋದ ಒಬ್ಬರಾದರೂ ಇದ್ದೇ ಇರುತ್ತಾರೆ. ಹೋಟೆಲಿನಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ ದುಡಿದು, ಬಾಂಬೆಯೊಳಗೆ ಮನೆ ಮಾಡಲಾಗದೆ ಲೋಕಲ್ ಟ್ರೈನಿನ ದಾರಿ ಹಿಡಿದು ಡೊಂಬಿವಲಿಯಲ್ಲೋ ಮುಂಬ್ರಾದಲ್ಲೋ ನೆಲೆ ನಿಂತವರು. ಅವರ ನೆರೆಮನೆಯ ಮಕ್ಕಳು ಕಲಿಯುವ ಶಾಲೆಗಳ ಕಥೆ ಇದು. ಮುಂದೆ ಓದಿದರೆ ನಿಮ್ಮೂರಿನ ಶಾಲೆಯ ಕಥೆಯೂ ಇದರೊಳಗೆ ಸಿಗುತ್ತದೆ.

ಆ ಕಡೆ ಶಾಲೆ ಶುರುವಾಗುವುದು ಜೂನ್ ನಡುವಿನಲ್ಲಿ. ಮುಂಗಾರು ಬರುವುದೂ ಆಗಲೇ. ಥಾಣೆ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಹೊಸ ಪುಸ್ತಕ ಹಿಡಿದ ಮಗು ಒಳಗೆ ಕಾಲಿಡುವ ಹೊತ್ತಿಗೆ ಕಟ್ಟಡಕ್ಕೂ ಪರೀಕ್ಷೆ ಶುರು. ಪ್ರತಿ ಮಳೆಗಾಲ ಅದೇ ಸುದ್ದಿ ಬರುತ್ತದೆ: ಸೋರುವ ಸ್ಲ್ಯಾಬು, ಉದುರುವ ಸಿಮೆಂಟು, ನೀರಿಲ್ಲದ ಶೌಚಾಲಯ, ಅಪಾಯಕಾರಿ ಅಂತ ಬೋರ್ಡು ಹಾಕಿ ಇನ್ನೊಂದು ಶಾಲೆಯ ಕೋಣೆಗೆ ಕಳಿಸಲಾದ ಮಕ್ಕಳು. ಇದು ಒಂದು ವರ್ಷದಲ್ಲಿ ಆದ ಹಾಳಲ್ಲ. ಇದರ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಕಥೆ ಇದೆ.

1853ರ ಏಪ್ರಿಲ್ 16ರಂದು ಬಾಂಬೆಯ ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಅದು ಕಲ್ಯಾಣ್ ಮುಟ್ಟಿತು. 1855ರಲ್ಲಿ ಬಾಂಬೆ ಪ್ರಾಂತ್ಯದಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ಹುಟ್ಟಿತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ ಅದೇ ಪ್ರಾಂತ್ಯದಲ್ಲಿದ್ದವು. 1862ರಲ್ಲಿ ಉತ್ತರ ಕನ್ನಡವೂ ಮದ್ರಾಸಿನಿಂದ ಬಾಂಬೆಗೆ ಸೇರಿತು. ಅಂದರೆ ನೋಡಿ, ಭಟ್ಕಳದ ಶಾಲೆ, ಹುಬ್ಬಳ್ಳಿಯ ಶಾಲೆ, ಕಲ್ಯಾಣದ ಶಾಲೆ ಎಲ್ಲವೂ ಸುಮಾರು ನೂರು ವರ್ಷ ಒಂದೇ ಕಾಯಿದೆಯ ಕೆಳಗೆ ಬೆಳೆದವು.

ಆ ಶಾಲೆಗಳಿಗೆ ದುಡ್ಡು ಎಲ್ಲಿಂದ ಬಂತು? ರೈತ ಕಟ್ಟುವ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ ಸೆಸ್ ಹಾಕಿದರು. 1869ರ ಸ್ಥಳೀಯ ನಿಧಿ ಕಾಯಿದೆ ಅದನ್ನು ಗಟ್ಟಿ ಮಾಡಿತು. ಅದರಲ್ಲಿ ಮೂರನೇ ಎರಡು ಪಾಲು ರಸ್ತೆ ಮುಂತಾದವುಗಳಿಗೆ, ಮೂರನೇ ಒಂದು ಪಾಲು ಶಾಲೆಗಳಿಗೆ. ಹಳ್ಳಿಯ ಶಾಲೆ ಎಂದರೆ ಸರಕಾರ ಕೊಟ್ಟ ದಾನ ಅಂತ ಈಗಲೂ ಕೆಲವರು ತಿಳಿದಿದ್ದಾರೆ. ಅಲ್ಲ. ಮೊದಲ ದಿನದಿಂದಲೂ ಅದು ಜನರೇ ದುಡ್ಡು ಕೊಟ್ಟು ನಡೆಸಿದ ಶಾಲೆ.

1882ರಲ್ಲಿ ಹಂಟರ್ ಆಯೋಗ ಬಂದಾಗ ಪುಣೆಯ ಜ್ಯೋತಿರಾವ್ ಫುಲೆ ಇದನ್ನೇ ನೇರವಾಗಿ ಹೇಳಿದರು. ಸರಕಾರದ ಆದಾಯ ರೈತನ ಬೆವರಿನಿಂದ ಬರುತ್ತದೆ, ಅದರ ಲಾಭ ಮಾತ್ರ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹೋಗುತ್ತದೆ ಎಂಬುದು ಅವರ ಮನವಿಯ ಸಾರ. ಅದೇ ಆಯೋಗ ಮುಸ್ಲಿಮರು ಶಿಕ್ಷಣದಲ್ಲಿ ಹಿಂದೆ ಬಿದ್ದಿದ್ದನ್ನೂ ಪ್ರತ್ಯೇಕವಾಗಿ ನೋಡಿ, ಅವರಿಗಾಗಿ ವಿಶೇಷ ಕ್ರಮಗಳನ್ನು ಸೂಚಿಸಿತು. ಅದರ ಇನ್ನೊಂದು ಶಿಫಾರಸನ್ನು ಮಾತ್ರ ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಪ್ರಾಥಮಿಕ ಶಾಲೆಯ ಕಟ್ಟಡ, ಪೀಠೋಪಕರಣ ಎಲ್ಲ ಆದಷ್ಟು ಸರಳವಾಗಿ, ಕಡಿಮೆ ಖರ್ಚಿನಲ್ಲಿ ಇರಲಿ ಎಂದು ಆಯೋಗ ಹೇಳಿತು. ಇರುವ ದುಡ್ಡಿನಲ್ಲಿ ಹೆಚ್ಚು ಮಕ್ಕಳಿಗೆ ಕಲಿಸಬೇಕಲ್ಲ, ಆ ಲೆಕ್ಕದಲ್ಲಿ ಮಾತು ಸರಿಯೇ. ಆದರೆ ಬಡವರ ಶಾಲೆಗೆ ಅಷ್ಟು ಸಾಕು ಎಂಬ ಅಭ್ಯಾಸ ಆಡಳಿತಕ್ಕೆ ಅಂಟಿಕೊಂಡಿತು. ಸರಳ ಕಟ್ಟಡವೂ ಪ್ರತಿ ವರ್ಷ ಆರೈಕೆ ಕೇಳುತ್ತದೆ ಎಂಬ ಮಾತು ಹಿಂದೆ ಉಳಿಯಿತು.

ಅಂದಿನ ಅನೇಕ ಶಾಲೆಗಳು ದೇವಸ್ಥಾನದ ಜಗಲಿಯಲ್ಲಿ, ಚಾವಡಿಯಲ್ಲಿ, ಧರ್ಮಶಾಲೆಯಲ್ಲಿ, ಮಸೀದಿಯ ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದವು. ಆಮೇಲೆ ಕಟ್ಟಡ ಬಂದಾಗ ಪಶ್ಚಿಮ ಕರಾವಳಿಯಲ್ಲಿ ಹಂಚಿನ ಮಾಡು ಸಾಮಾನ್ಯವಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಅಲ್ಲಿಂದ ಹಂಚು ಹಡಗು ಹತ್ತಿ ಬಾಂಬೆಗೆ ಹೋಯಿತು. ಹಂಚಿನ ಮಾಡಿಗೆ ಒಂದು ಗುಣವಿದೆ. ಒಡೆದರೆ ಕಾಣುತ್ತದೆ. ಬಿಸಿಲಿನ ಕೋಲು ಒಳಗೆ ಬೀಳುತ್ತದೆ, ಮಳೆಗೆ ಹನಿ ಬೀಳುತ್ತದೆ. ಮೇ ತಿಂಗಳಲ್ಲಿ ಊರಿನ ಒಬ್ಬ ಕೆಲಸದವನು ಮೇಲೆ ಹತ್ತಿ ಒಡೆದ ಹಂಚು ಬದಲಿಸಿದರೆ ಒಂದು ವರ್ಷ ನಿಶ್ಚಿಂತೆ. ಅದಕ್ಕೆ ಟೆಂಡರು ಬೇಕಾಗಿರಲಿಲ್ಲ, ಊರಿನವರ ಕೈಯಲ್ಲೇ ಆಗುತ್ತಿತ್ತು.

ಇನ್ನು ಶಾಲೆಯ ಮಾಲೀಕ ಯಾರು? ಇಲ್ಲಿಂದ ಕಥೆ ಗೋಜಲಾಗುತ್ತದೆ, ಸ್ವಲ್ಪ ತಾಳ್ಮೆಯಿಂದ ಓದಿ. ಮೊದಲು ಇಲಾಖೆ. 1884ರಲ್ಲಿ ಲೋಕಲ್ ಬೋರ್ಡುಗಳು ಮತ್ತು ಮುನಿಸಿಪಾಲಿಟಿಗಳ ಕೈಗೆ ಜವಾಬ್ದಾರಿ ಸರಿಯಿತು. 1911ರಲ್ಲಿ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಬಾಂಬೆಯ ಮುಸ್ಲಿಮರ ಪ್ರತಿನಿಧಿಯಾಗಿ ಶಾಸನಸಭೆಯಲ್ಲಿದ್ದ ಮುಹಮ್ಮದ್ ಅಲಿ ಜಿನ್ನಾ ಅದನ್ನು ಬೆಂಬಲಿಸಿದ್ದರು. ಮರುವರ್ಷ 13ಕ್ಕೆ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ಎದುರಾಳಿಗಳ ದೊಡ್ಡ ಆಕ್ಷೇಪಗಳಲ್ಲಿ ಒಂದು ದುಡ್ಡಿನದು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಬಾಂಬೆ ಪ್ರಾಂತ್ಯದ ಮುನಿಸಿಪಾಲಿಟಿಗಳು ಶಿಕ್ಷಣವನ್ನು ಕಡ್ಡಾಯ ಮಾಡಬಹುದು ಎಂಬ ಕಾಯಿದೆ ಬಂತು. ದೇಶದಲ್ಲಿ ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಲ್ಲಿ ಅದೇ ಮೊದಲು. 1923ರ ಕಾಯಿದೆ ಪ್ರಾಥಮಿಕ ಶಿಕ್ಷಣವನ್ನು ಇನ್ನಷ್ಟು ಪೂರ್ತಿಯಾಗಿ ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. 1947ರ ಬಾಂಬೆ ಪ್ರಾಥಮಿಕ ಶಿಕ್ಷಣ ಕಾಯಿದೆ ಶಾಲಾ ಮಂಡಳಿಗಳಿಗೆ ಹೊಸ ರೂಪ ಕೊಟ್ಟಿತು.

ಮಕ್ಕಳು ಶಾಲೆಗೆ ಬರಬೇಕು ಎಂಬ ಹಂಬಲ ಈ ಎಲ್ಲ ಕಾಯಿದೆಗಳಲ್ಲೂ ಇದೆ. ಅದಕ್ಕೆ ನಾವು ಋಣಿಗಳು. ಆದರೆ ಶಾಲೆಯನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಟ್ಟಷ್ಟು ಸುಲಭವಾಗಿ ರಿಪೇರಿಯ ದುಡ್ಡನ್ನು ಕೊಡಲಿಲ್ಲ. ಮನೆಯನ್ನು ಮಗನ ಹೆಸರಿಗೆ ಮಾಡಿಕೊಟ್ಟು, ಆದಾಯದ ತೋಟವನ್ನು ತನ್ನಲ್ಲೇ ಇಟ್ಟುಕೊಂಡ ಯಜಮಾನನ ಹಾಗೆ.

1956ರಲ್ಲಿ ದಾರಿ ಕವಲೊಡೆಯಿತು. ಧಾರವಾಡ, ಬಿಜಾಪುರ, ಉತ್ತರ ಕನ್ನಡ ಮತ್ತು ಬೆಳಗಾವಿಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂದವು. ನಮ್ಮಲ್ಲಿ ಪ್ರಾಥಮಿಕ ಶಾಲೆಗಳು ಕಾಲಕ್ರಮದಲ್ಲಿ ರಾಜ್ಯ ಸರಕಾರದ ಇಲಾಖೆಗೆ ಸೇರಿದವು. ಬೋರ್ಡುಗಳು ಹೋದವು, ಹೆಸರು ಉಳಿಯಿತು. ಉಡುಪಿಯಲ್ಲಿ ಇವತ್ತಿಗೂ ಬೋರ್ಡ್ ಹೈಸ್ಕೂಲ್ ಅಂತಾರಲ್ಲ, ಹಾಗೆ. ಉಡುಪಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿಯೂ ಬೋರ್ಡುಗಳದ್ದೇ ಶಾಲೆ. ಮಹಾರಾಷ್ಟ್ರದಲ್ಲಿ ಬೇರೆ ರೀತಿ ಆಯಿತು. 1962ರಲ್ಲಿ ಹಳ್ಳಿಯ ಶಾಲೆಗಳು ಜಿಲ್ಲಾ ಪರಿಷತ್ತಿಗೆ ಹೋದವು, ಪಟ್ಟಣದ್ದು ಮುನಿಸಿಪಾಲಿಟಿಯಲ್ಲೇ ಉಳಿಯಿತು. ಅದೇ ವರ್ಷ ಪಟ್ಟಣದ ಕಟ್ಟಡಗಳ ಮೇಲೆ ಶಿಕ್ಷಣ ಸೆಸ್ ಹಾಕುವ ಕಾಯಿದೆಯೂ ಬಂತು. ಡೊಂಬಿವಲಿಯಲ್ಲಿ ಫ್ಲ್ಯಾಟು ಇರುವ ನಿಮ್ಮ ಬಂಧುವಿನ ಮನೆತೆರಿಗೆಯ ಬಿಲ್ಲು ಒಮ್ಮೆ ನೋಡಿ, ಶಿಕ್ಷಣ ಕರ ಎಂಬ ಒಂದು ಸಾಲು ಇರುತ್ತದೆ. ಆ ದುಡ್ಡನ್ನು ಪಾಲಿಕೆ ವಸೂಲಿ ಮಾಡುತ್ತದೆ, ಆದರೆ ಅದು ರಾಜ್ಯದ ಖಜಾನೆಗೆ ಸೇರಬೇಕಾದ ದುಡ್ಡು. ಪಾಲಿಕೆಯ ಶಾಲೆಯ ನಲ್ಲಿ ರಿಪೇರಿಗೆ ನೇರವಾಗಿ ಬರುವಂಥದ್ದಲ್ಲ.

ಅಷ್ಟರಲ್ಲಿ ಊರುಗಳೇ ಬದಲಾದವು. ಕಾರ್ಖಾನೆಗಳು ಬಂದವು, ಬಾಂಬೆಯ ಬಾಡಿಗೆ ಏರಿತು, ಜನ ರೈಲಿನ ಹಳಿ ಹಿಡಿದು ಹೊರಗೆ ಬಂದರು. 1970ರಲ್ಲಿ ಹೊಸ ನಗರ ಕಟ್ಟಲು ಸಿಡ್ಕೊ ಸ್ಥಾಪನೆಯಾಯಿತು. 1982ರಲ್ಲಿ ಥಾಣೆ ಮಹಾನಗರಪಾಲಿಕೆ, 1983ರಲ್ಲಿ ಈಗ ಕಲ್ಯಾಣ್-ಡೊಂಬಿವಲಿ ಎಂದು ಕರೆಯುವ ಪಾಲಿಕೆ, 1992ರ ಜನವರಿಯಲ್ಲಿ ನವಿ ಮುಂಬೈ ಪಾಲಿಕೆ. 2011ರ ಜನಗಣತಿಯ ಹೊತ್ತಿಗೆ ಥಾಣೆಯಲ್ಲಿ 18 ಲಕ್ಷ, ಕಲ್ಯಾಣ್-ಡೊಂಬಿವಲಿಯಲ್ಲಿ 12 ಲಕ್ಷ, ನವಿ ಮುಂಬೈಯಲ್ಲಿ 11 ಲಕ್ಷ ದಾಟಿದ ಜನ.

ಪಾಲಿಕೆ ಹುಟ್ಟಿದಾಗೆಲ್ಲ ಸುತ್ತಲಿನ ಹಳ್ಳಿಗಳು ಒಳಗೆ ಬಂದವು, ಜೊತೆಗೆ ಹಳ್ಳಿಯ ಶಾಲೆಗಳ ಪ್ರಶ್ನೆಯೂ ಬಂತು. ಕಲ್ಯಾಣದ ಪಕ್ಕದ 27 ಹಳ್ಳಿಗಳ ಉದಾಹರಣೆ ನೋಡಿ. 1983ರಲ್ಲಿ ಪಾಲಿಕೆಗೆ ಸೇರಿದವು, 2002ರಲ್ಲಿ ಹೊರಗೆ ಬಂದವು, 2015ರಲ್ಲಿ ಮತ್ತೆ ಒಳಗೆ ಹೋದವು. ಗಡಿ ಹೀಗೆ ಹಿಂದೆ ಮುಂದೆ ಆದಾಗ ಶಾಲೆಯ ಜಾಗದ ದಾಖಲೆ ಯಾರ ಹೆಸರಲ್ಲಿದೆ, ಮೇಷ್ಟ್ರ ಸಂಬಳ ಯಾರದು, ಒಡೆದ ಕಿಟಕಿ ಯಾರದು ಎಂಬ ಪ್ರಶ್ನೆಗಳು ಏಳುವುದು ಸಹಜ. ಅದು ಪಾಲಿಕೆಯದ್ದು ಅಂತ ಇವರು, ಅದು ಜಿಲ್ಲಾ ಪರಿಷತ್ತಿನದ್ದು ಅಂತ ಅವರು ಹೇಳಲು ಇಂಥ ಸ್ಥಿತಿ ಸಾಕು. ಇಬ್ಬರು ಯಜಮಾನರಿರುವ ಮನೆಯ ಮಾಡನ್ನು ಯಾರೂ ನೋಡಿಕೊಳ್ಳುವುದಿಲ್ಲ, ಅಲ್ವಾ?

ಈ ಕಾಲದಲ್ಲಿ ಕಟ್ಟಿದ ಶಾಲೆಗಳು ಹೆಚ್ಚಿನವು ಕಾಂಕ್ರೀಟಿನವು. ಕಾಂಕ್ರೀಟು ಹಂಚಿನ ಹಾಗಲ್ಲ, ಒಳಗೊಳಗೇ ಹಾಳಾಗುತ್ತದೆ. ಸ್ಲ್ಯಾಬಿನ ಮೇಲೆ ಸಣ್ಣ ಬಿರುಕು ಬೀಳುತ್ತದೆ. ಮಳೆನೀರು ಇಳಿದು ಒಳಗಿನ ಕಬ್ಬಿಣದ ಸರಳನ್ನು ಮುಟ್ಟುತ್ತದೆ. ಖಾರಿಯ ಉಪ್ಪು ಗಾಳಿ ಅದಕ್ಕೆ ಜೊತೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದಾಗ ಸುತ್ತಲಿನ ಕಾಂಕ್ರೀಟನ್ನು ತಳ್ಳಿ ಒಡೆಯುತ್ತದೆ. ಒಂದು ದಿನ ತುಂಡು ಕೆಳಗೆ ಬೀಳುತ್ತದೆ. ಆಗ ಮೇಸ್ತ್ರಿ ಬಂದು ಮೇಲೆ ಸಿಮೆಂಟು ಮೆತ್ತಿ, ಬಣ್ಣ ಹೊಡೆದು ಹೋಗುತ್ತಾನೆ. ಒಳಗಿನ ತುಕ್ಕು ಹಾಗೇ ಇರುತ್ತದೆ. ಗೋಡೆಯ ಮೇಲಿನ ಹೊಸ ಬಣ್ಣ, ಕಾರ್ಟೂನು ಚಿತ್ರ ನೋಡಿ ಶಾಲೆ ಸುಧಾರಿಸಿತು ಅಂತ ನಾವು ಸಂತೋಷಪಡುತ್ತೇವೆ. ತಾರಸಿ ಹತ್ತಿ ನೋಡಿದವರು ಎಷ್ಟು ಜನ?

ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಮಹಾರಾಷ್ಟ್ರದ ಪಾಲಿಕೆ ಕಾಯಿದೆಯ ಪ್ರಕಾರ 30 ವರ್ಷ ದಾಟಿದ ಕಟ್ಟಡವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಅಪಾಯದಲ್ಲಿರುವ ಕಟ್ಟಡಗಳನ್ನು ವರ್ಗ ಮಾಡುತ್ತಾರೆ. ಸಿ-1 ಎಂದರೆ ಕೂಡಲೇ ಖಾಲಿ ಮಾಡಿ ಕೆಡವಬೇಕಾದದ್ದು. ಸಿ-2ಎ ಖಾಲಿ ಮಾಡಿ ದೊಡ್ಡ ರಿಪೇರಿ ಮಾಡಬೇಕಾದದ್ದು. ಸಿ-2ಬಿ ಒಳಗೆ ಜನ ಇದ್ದಾಗಲೇ ರಿಪೇರಿ ಮಾಡಬಹುದಾದದ್ದು. ಸಿ-3ಕ್ಕೆ ಸಣ್ಣಪುಟ್ಟ ರಿಪೇರಿ ಸಾಕು. 1980ರ ದಶಕದಲ್ಲಿ ಕಟ್ಟಿದ ಶಾಲೆಗಳೆಲ್ಲ ಈಗ 30 ದಾಟಿವೆ. ಆ ಶಾಲೆಗಳು ಯಾವ ವರ್ಗದಲ್ಲಿವೆ ಎಂದು ಪೋಷಕರಿಗೆ ತಿಳಿಯಬೇಕು.

ಇದು ಬರೀ ಕಾಗದದ ಮಾತಲ್ಲ. 2013ರ ಏಪ್ರಿಲ್ 4ರಂದು ಮುಂಬ್ರಾದ ಹತ್ತಿರ ಶಿಳಫಾಟಾದ ಲಕ್ಕಿ ಕಾಂಪೌಂಡಿನಲ್ಲಿ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು. ಅದು ಶಾಲೆಯಲ್ಲ, ಹಳೆಯ ಕಟ್ಟಡವೂ ಅಲ್ಲ. ಆದರೆ ಯಾರೂ ಪರೀಕ್ಷೆ ಮಾಡದ ಕಟ್ಟಡ ಏನು ಮಾಡಬಲ್ಲದು ಎಂಬುದನ್ನು ಆ ಊರಿನ ತಾಯಂದಿರು ಕಣ್ಣಾರೆ ಕಂಡಿದ್ದಾರೆ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ್ ಜಿಲ್ಲೆಯ ಪಿಪ್ಲೋಡಿಯಲ್ಲಿ ಸರಕಾರಿ ಶಾಲೆಯ ಮಾಡು ಬಿದ್ದು 7 ಮಕ್ಕಳು ತೀರಿಹೋದರು. ಅದೂ ಮಳೆಗಾಲವೇ.

ಮುಂಬ್ರಾದ ಹೆಸರು ಬಂದಿದ್ದರಿಂದ ಒಂದು ಮಾತು. 1992-93ರ ಗಲಭೆಗಳ ನಂತರ ಬಾಂಬೆಯಿಂದ ಸಾವಿರಾರು ಮುಸ್ಲಿಂ ಕುಟುಂಬಗಳು ಅಲ್ಲಿಗೆ ಬಂದವು. ಮನೆಗಳು ಎದ್ದ ವೇಗದಲ್ಲಿ ಸಾರ್ವಜನಿಕ ಶಾಲೆಗಳು ಏಳಲಿಲ್ಲ. ಇದ್ದ ಶಾಲೆಗಳ ಮೇಲೆ ಭಾರ ಬಿತ್ತು. ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು ಶಾಲೆ ನಡೆದರೆ ಅದೇ ಶೌಚಾಲಯ, ಅದೇ ನೀರಿನ ಟಾಂಕಿ ಎರಡು ಪಟ್ಟು ಬಳಕೆಯಾಗುತ್ತದೆ. ತೊಳೆಯುವವರು ಮಾತ್ರ ಎರಡು ಪಟ್ಟು ಆಗುವುದಿಲ್ಲ.

ನಮ್ಮ ಸಮುದಾಯದ ಮಕ್ಕಳೆಲ್ಲ ಮದ್ರಸದಲ್ಲಿ ಓದುತ್ತಾರೆ ಎಂದು ಹೇಳುವವರಿದ್ದಾರೆ. 2006ರ ಸಾಚಾರ್ ಸಮಿತಿಯ ವರದಿ ಆ ಮಾತನ್ನು ಸುಳ್ಳು ಮಾಡಿತು. ಮದ್ರಸಕ್ಕೆ ಹೋಗುವವರು ನೂರಕ್ಕೆ ಮೂರು ನಾಲ್ಕು ಮಕ್ಕಳಷ್ಟೆ. ಬಡ ಮುಸ್ಲಿಂ ಮಗುವಿಗೆ, ಬಡ ದಲಿತ ಮಗುವಿಗೆ, ಕಟ್ಟಡ ಕೆಲಸಕ್ಕೆ ಬಂದ ಕಲಬುರ್ಗಿಯ ಕೂಲಿಯವನ ಮಗುವಿಗೆ ಇರುವುದು ಆ ನಂಬರಿನ ಶಾಲೆಯೇ. ನಂಬರು ಅಂದೆ ಯಾಕೆಂದರೆ ಅಲ್ಲಿ ಪಾಲಿಕೆಯ ಶಾಲೆಗಳಿಗೆ ಕ್ರಮಾಂಕ ಕೊಡುತ್ತಾರೆ. ಮರಾಠಿ ಶಾಲೆ ಕ್ರಮಾಂಕ ಇಷ್ಟು, ಉರ್ದು ಶಾಲೆ ಕ್ರಮಾಂಕ ಇಷ್ಟು.

ಸಮುದಾಯಗಳು ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. 1874ರಲ್ಲಿ ಬದ್ರುದ್ದೀನ್ ತಯ್ಯಬ್ಜಿ ಮತ್ತು ಸಂಗಡಿಗರು ಬಾಂಬೆಯಲ್ಲಿ ಅಂಜುಮನ್-ಎ-ಇಸ್ಲಾಂ ಕಟ್ಟಿದರು. 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಹುಟ್ಟಿತು. ಭಿವಂಡಿಯಲ್ಲಿ ರಯೀಸ್ ಹೈಸ್ಕೂಲ್ ಬಂತು. ಡೊಂಬಿವಲಿಯ ಕನ್ನಡಿಗರು ಮಂಜುನಾಥ ವಿದ್ಯಾಲಯ ಕಟ್ಟಿದರು. ಇವೆಲ್ಲ ಹೆಮ್ಮೆಯ ವಿಷಯ. ಆದರೆ ಇದರ ಇನ್ನೊಂದು ಮುಖವೂ ಇದೆ. ಅನುಕೂಲ ಇದ್ದವರು ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದ ದಿನದಿಂದ ಪಾಲಿಕೆ ಶಾಲೆಯ ಮಾಡು ಸೋರುವುದು ಅವರಿಗೆ ಕಾಣದಾಯಿತು. ಇಂಜಿನಿಯರಿಗೆ ಫೋನು ಮಾಡಬಲ್ಲವನ ಮಗು ಅಲ್ಲಿಲ್ಲ. ಅಲ್ಲಿರುವ ಮಗುವಿನ ತಂದೆ ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಯಿತು.

ಕೇಳುವ ಬಾಗಿಲುಗಳೂ ಮುಚ್ಚಿದವು. 1947ರ ಕಾಯಿದೆ 2013ರಲ್ಲಿ ರದ್ದಾಯಿತು, ಪಾಲಿಕೆಗಳ ಶಿಕ್ಷಣ ಮಂಡಳಿಗಳ ಕಾಲ ಮುಗಿಯಿತು. ಆ ಮಂಡಳಿಗಳ ಮೇಲೆ ದೂರುಗಳು ಇದ್ದವು, ನಿಜ. ಆದರೂ ಹೋಗಿ ಕೇಳಲು ಒಂದು ಮುಖ ಇತ್ತು. 2020ರಲ್ಲಿ ನವಿ ಮುಂಬೈ ಮತ್ತು ಕಲ್ಯಾಣ್-ಡೊಂಬಿವಲಿಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು, 2022ರಲ್ಲಿ ಥಾಣೆಯದ್ದೂ. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಡಳಿತ. ವಾರ್ಡಿನಲ್ಲಿ ಓಟು ಕೇಳಲು ಬರಬೇಕಾದ ವ್ಯಕ್ತಿಯೇ ಇಲ್ಲದಿದ್ದರೆ ಶೌಚಾಲಯದ ಬಾಗಿಲಿನ ಬಗ್ಗೆ ಯಾರ ಹತ್ತಿರ ಹೇಳುವುದು?

ಶೌಚಾಲಯ ಅಂದಾಗ ಸಣ್ಣ ವಿಷಯ ಅನ್ನಬೇಡಿ. ನೀರಿಲ್ಲದ, ಚಿಲಕವಿಲ್ಲದ ಶೌಚಾಲಯ ಇದ್ದರೆ ಹುಡುಗಿ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ತಿಂಗಳಲ್ಲಿ ಕೆಲವು ದಿನ ಶಾಲೆಗೆ ಬರುವುದಿಲ್ಲ. ಆರನೇ ಏಳನೇ ತರಗತಿಗೆ ಬಂದಾಗ ಮನೆಯವರೇ ಸಾಕು ಅನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳು ಯಾಕೆ ಶಾಲೆ ಬಿಡುತ್ತಾರೆ ಅಂತ ನಾವು ಸಭೆ ಮಾಡುತ್ತೇವೆ, ಭಾಷಣ ಮಾಡುತ್ತೇವೆ. ಕೆಲವು ಸಲ ಕಾರಣ ಒಂದು ಚಿಲಕದಷ್ಟು ಸಣ್ಣದಿರುತ್ತದೆ.

ಕಾನೂನು ಈಗ ನಮ್ಮ ಕಡೆ ಇದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅದರ ನಂತರ ಬಂದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕು ಎಂದರೆ ಸುರಕ್ಷಿತ ಶಾಲೆಯ ಹಕ್ಕೂ ಹೌದು ಎಂದು ಹೇಳಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಎಲ್ಲ ಹವಾಮಾನದಲ್ಲೂ ನಿಲ್ಲುವ ಕಟ್ಟಡ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು, ಅಡುಗೆಕೋಣೆ, ಆಟದ ಬಯಲು, ಆವರಣ ಗೋಡೆ, ಇವೆಲ್ಲ ಅದರ ಅನುಸೂಚಿಯಲ್ಲಿ ಬರೆದಿವೆ. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳಲ್ಲಿ ಶಾಲೆಗಳಿಗೆ ನೀರು, ಶೌಚಾಲಯ ಒದಗಿಸಿ ಎಂದು ರಾಜ್ಯಗಳಿಗೆ ಆದೇಶಿಸಿತು.

ಹಾಗಾದರೆ ನಾವು ಮಾಡಬೇಕಾದದ್ದೇನು? ಅದೇ ಕಾಯಿದೆ ಪ್ರತಿ ಸರಕಾರಿ ಶಾಲೆಗೂ ಒಂದು ಶಾಲಾ ನಿರ್ವಹಣಾ ಸಮಿತಿ ಇರಬೇಕು ಅನ್ನುತ್ತದೆ. ನಮ್ಮಲ್ಲಿ ಅದು ಎಸ್‌ಡಿಎಂಸಿ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧ ಮಹಿಳೆಯರು. ಶಾಲೆಗೆ ಏನು ಬೇಕು ಎಂಬ ಅಭಿವೃದ್ಧಿ ಯೋಜನೆ ತಯಾರಿಸುವುದು ಆ ಸಮಿತಿಯ ಕೆಲಸ, ಅನುದಾನಕ್ಕೆ ಅದೇ ಆಧಾರ ಆಗಬೇಕು ಅಂತಲೂ ಕಾಯಿದೆ ಹೇಳುತ್ತದೆ. ಹೆಚ್ಚಿನ ಪೋಷಕರಿಗೆ ಆ ಸಮಿತಿ ಇದೆ ಅಂತಲೇ ಗೊತ್ತಿಲ್ಲ, ಗೊತ್ತಿದ್ದವರು ರಿಜಿಸ್ಟರಿಗೆ ಸಹಿ ಹಾಕಿ ಬರುತ್ತಾರೆ. ನಿಮ್ಮ ಮನೆಯ ಕಾಲೇಜು ಓದುವ ಹುಡುಗ ಹುಡುಗಿಯರು ಒಂದು ದಿನ ಅವರ ಜೊತೆ ಕೂತು ಆ ಯೋಜನೆ ಬರೆದುಕೊಡಬಹುದು. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ಮೂರೇ ಪ್ರಶ್ನೆ ಕೇಳಿ: ಈ ಕಟ್ಟಡದ ಮಾಲೀಕರು ಯಾರು? ಕೊನೆಯ ಸಲ ಇಂಜಿನಿಯರ್ ಪರೀಕ್ಷೆ ಮಾಡಿದ್ದು ಯಾವಾಗ, ವರದಿ ಏನು? ಕಳೆದ ಐದು ವರ್ಷ ರಿಪೇರಿಗೆ ಎಷ್ಟು ದುಡ್ಡು ಬಂತು, ಎಲ್ಲಿಗೆ ಹೋಯಿತು?

ರಮಝಾನ್ ಬರುವ ಮುಂಚೆ ಜಮಾಅತ್ ಸೇರುತ್ತದೆ. ಮಸೀದಿಗೆ ಸುಣ್ಣಬಣ್ಣ ಆಗಬೇಕು, ವುಝೂ ಮಾಡುವಲ್ಲಿ ನಲ್ಲಿ ಸರಿ ಇದೆಯಾ, ಮಾಡು ಸೋರುತ್ತದಾ ಅಂತ ನೋಡುತ್ತೇವೆ. ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಜನ, ಅದೇ ಕಣ್ಣು. ಮೇ ತಿಂಗಳ ಒಂದು ಭಾನುವಾರ ಪಕ್ಕದ ಶಾಲೆಯ ತಾರಸಿಯನ್ನೂ ಒಮ್ಮೆ ಹತ್ತಿ ನೋಡಿದರೆ? ರಿಪೇರಿ ನಾವೇ ಮಾಡಬೇಕೆಂದಲ್ಲ. ಅದಕ್ಕೆ 1869ರಿಂದಲೂ ತೆರಿಗೆ ಕಟ್ಟಿದ್ದೇವೆ. ಮಾಡಬೇಕಾದವರಿಂದ ಮಾಡಿಸಬೇಕು, ಅದೂ ಜೂನ್ ಬರುವ ಮೊದಲು.

ಈ ಲೇಖನ ಓದಿ ಮುಗಿಸಿದ ಮೇಲೆ ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಇರುವ ನಿಮ್ಮವರಿಗೆ ಒಂದು ಫೋನು ಮಾಡಿ. ಮನೆ ಪಕ್ಕದ ಪಾಲಿಕೆ ಶಾಲೆಯ ನಂಬರು ಎಷ್ಟು ಅಂತ ಕೇಳಿ. ಗೊತ್ತಿಲ್ಲ ಅಂದರೆ, ನಾಳೆ ಹೋಗಿ ನೋಡಿ ಬರಲು ಹೇಳಿ. ಆಮೇಲೆ ನೀವೂ ನಿಮ್ಮೂರಿನ ಶಾಲೆಗೆ ಹೋಗಿ.